ಆಟಗಾರರನ್ನು ಊರು ಸೇರಿಸುವ ಯಾಮಿನಿ

ಯಾಮಿನಿ ಕಳಿಸಿದ ಮನುಷ್ಯ ನಡುದಾರಿಯಲ್ಲಿ ಉಳಿದದ್ದಿಲ್ಲ. ವಾಷಿಂಗ್ಟನ್ ಪಕ್ಕದ ರಾಕ್‌ವಿಲ್‌ನ ಕನ್ನಡದವರಲ್ಲಿ ಈ ಮಾತನ್ನು ಯಾರನ್ನು ಕೇಳಿದರೂ ಒಪ್ಪುತ್ತಾರೆ. ಮಿಠಾಯಿ ಅಂಗಡಿಗೂ ಹುಬ್ಬು ತಿದ್ದುವ ಪಾರ್ಲರಿಗೂ ನಡುವೆ ಇದ್ದ ಅವಳ ಟ್ರಾವೆಲ್ ಏಜೆನ್ಸಿ ಅಗಲದಲ್ಲಿ ಒಂದು ಬಚ್ಚಲಮನೆಯಷ್ಟೇ. ಆದರೆ ಮಗಳ ಬಾಣಂತನಕ್ಕೆ ಬರುವ ಅಮ್ಮಂದಿರು, ಮೊಮ್ಮಗನ ಉಪನಯನಕ್ಕೆ ಹೊರಟ ಅಜ್ಜಂದಿರು, ಮದುವೆಗೆ ಮೂರೇ ದಿನ ರಜೆ ಸಿಕ್ಕಿದ ಸಾಫ್ಟ್‌ವೇರ್ ಹುಡುಗರು, ಎಲ್ಲರೂ ಆ ಕಿರಿದಾದ ಬಾಗಿಲಿನಿಂದಲೇ ಸಮುದ್ರ ದಾಟಿದರು.

ಇಪ್ಪತ್ತು ವರ್ಷ ಹೀಗೆ ನಡೆಯಿತು. 2020ರ ಮಾರ್ಚ್‌ನಲ್ಲಿ ವಿಮಾನಗಳು ನಿಂತವು. ಯಾಮಿನಿ ಬೇಸಿಗೆಯವರೆಗೂ ಫೋನ್ ಹಿಡಿದು ಕೂತು, ಅಲ್ಲಲ್ಲಿ ಸಿಕ್ಕಿಹಾಕಿಕೊಂಡವರನ್ನೆಲ್ಲ ಮನೆ ಮುಟ್ಟಿಸಿದಳು. ಕೊನೆಯವರು ತಲುಪಿದ ಮೇಲೆ ಅಂಗಡಿಯ ಬೀಗದ ಕೈಯನ್ನು ಕಟ್ಟಡದ ಮಾಲೀಕನಿಗೆ ಕೊಟ್ಟು ಬಂದಳು. ಅಯ್ಯೋ ಪಾಪ ಅನ್ನಲು ಬಂದವರಿಗೆ ಕಾಫಿ ಕೊಟ್ಟು, "ಅಂಗಡಿ ತಾನೇ ಮುಚ್ಚಿದ್ದು? ನಾನು ಮುಚ್ಚಿಲ್ವಲ್ಲ" ಅಂದಳು.

ಮರುವರ್ಷದ ವಸಂತದಲ್ಲಿ ವಾಷಿಂಗ್ಟನ್ನಿನ ಬೇಸ್‌ಬಾಲ್ ತಂಡ ಹೆರನ್ಸ್, ತನ್ನ ಕೆಳಗಿನ ತಂಡಗಳ ಓಡಾಟ ನೋಡಿಕೊಳ್ಳಲು ಒಬ್ಬರು ಬೇಕೆಂದು ಜಾಹೀರಾತು ಕೊಟ್ಟಿತು. ಯಾಮಿನಿ ಅರ್ಜಿ ಹಾಕಿದಳು. ಗಂಡ ಬದರಿನಾಥ ಫೆಡರಲ್ ಕಚೇರಿಯೊಂದರಲ್ಲಿ ಅಂಕಿಸಂಖ್ಯೆಯ ತಜ್ಞ. ಯಾವುದನ್ನೂ ಅಳೆದು ತೂಗದೆ ಒಪ್ಪುವವನಲ್ಲ.

"ನಿನಗೆ ಬೇಸ್‌ಬಾಲ್ ಬರುತ್ತೇನೇ?"

"ನಂಗೆ ವಿಮಾನ ಓಡಿಸೋಕೂ ಬರಲ್ಲ ರೀ. ಇಪ್ಪತ್ತು ವರ್ಷ ಟಿಕೆಟ್ ಮಾರಿಲ್ವಾ?"

ಸಂದರ್ಶನ ಮಾಡಿದವನು ರೋಲಂಡ್ ಪಿಟ್ಸ್. ಬಿಳಿ ಮೀಸೆಯ ಉದ್ದನೆಯ ಮನುಷ್ಯ, ತಾನೂ ಒಂದು ಕಾಲದಲ್ಲಿ ಆಡಿದವನು. ಹುಡುಗರು ಹದಿನೆಂಟು ಇಪ್ಪತ್ತರ ವಯಸ್ಸಿನವರು, ಕೆಲವರಿಗೆ ಇಂಗ್ಲಿಷ್ ಬಾರದು, ಒಂದು ಗಂಟೆ ಮೊದಲಷ್ಟೇ ಹೇಳಿ ಊರು ಬಿಡಿಸಬೇಕಾಗುತ್ತದೆ, ಸುಲಭವಲ್ಲ ಎಂದು ಅವನು ಎಚ್ಚರಿಸಿದ. ಯಾಮಿನಿ ಕುರ್ಚಿಯಲ್ಲಿ ನೆಟ್ಟಗೆ ಕೂತು ಹೇಳಿದಳು: "ಮಿಸ್ಟರ್ ಪಿಟ್ಸ್, ಎಂಬತ್ತು ವರ್ಷದ, ಒಂದಕ್ಷರ ಇಂಗ್ಲಿಷ್ ಬಾರದ ಅಜ್ಜಿಯರನ್ನು ಒಬ್ಬೊಬ್ಬರನ್ನೇ ಮೈಸೂರಿನಿಂದ ಇಲ್ಲಿಗೆ ಕರೆಸಿದ್ದೇನೆ. ನಿಮ್ಮ ಹುಡುಗರು ಅವರಿಗಿಂತ ಹಟಮಾರಿಗಳೇ?"

ಪಿಟ್ಸ್ ನಕ್ಕ. ಸೋಮವಾರದಿಂದಲೇ ಬರಲು ಹೇಳಿದ.

ಆಟವನ್ನು ಯಾಮಿನಿ ಮೈದಾನದಿಂದ ಕಲಿಯಲಿಲ್ಲ, ದಾರಿಯಿಂದ ಕಲಿತಳು. ಮೇಲೆ ವಾಷಿಂಗ್ಟನ್ನಿನ ದೊಡ್ಡ ತಂಡ. ಅದರ ಕೆಳಗೆ ಏಣಿಯ ಮೆಟ್ಟಿಲಂತೆ ಮೂರು ಚಿಕ್ಕ ತಂಡಗಳು. ಮೊದಲ ಮೆಟ್ಟಿಲು ದಕ್ಷಿಣ ಕ್ಯಾರೊಲಿನಾದ ಸಮ್ಟರ್‌ನಲ್ಲಿ, ಎರಡನೆಯದು ಉತ್ತರ ಕ್ಯಾರೊಲಿನಾದ ರಾಕಿ ಮೌಂಟ್‌ನಲ್ಲಿ, ಮೂರನೆಯದು ಅಟ್ಲಾಂಟಾದ ಪಕ್ಕದ ಮ್ಯಾರಿಯೆಟಾದಲ್ಲಿ. ಹೊಸ ಹುಡುಗರು ಸಮ್ಟರ್‌ನಲ್ಲಿ ಕಾಲಿಡುತ್ತಾರೆ, ಚೆನ್ನಾಗಿ ಆಡಿದವರು ಒಂದೊಂದೇ ಮೆಟ್ಟಿಲು ಏರುತ್ತಾರೆ. ವಾಷಿಂಗ್ಟನ್ನಿನಲ್ಲಿ ಒಬ್ಬನ ಮೊಣಕೈ ಉಳುಕಿದರೆ ಮ್ಯಾರಿಯೆಟಾದವನು ಮೇಲೆ ಬರಬೇಕು. ಅವನ ಜಾಗಕ್ಕೆ ರಾಕಿ ಮೌಂಟ್‌ನಿಂದ ಒಬ್ಬ, ಆ ಜಾಗಕ್ಕೆ ಸಮ್ಟರ್‌ನಿಂದ ಇನ್ನೊಬ್ಬ. ಉಳುಕಿದ ಮೊಣಕೈ ಸರಿಯಾದ ದಿನ ಇಡೀ ಸಾಲು ಹಿಂದಕ್ಕೆ ಸರಿಯುತ್ತದೆ. ಆಗ ಏಣಿಯ ಮೇಲೆ ಒಂದು ಜೊತೆ ಕಾಲು ಹೆಚ್ಚಾಗಿ, ಯಾರೋ ಒಬ್ಬ ಮನೆಗೆ ಹೋಗಬೇಕಾಗುತ್ತದೆ. ಯಾರು ಹತ್ತಬೇಕು, ಯಾರು ಇಳಿಯಬೇಕು ಅನ್ನುವುದು ಪಿಟ್ಸ್ ಮತ್ತು ಅವನ ಮೇಲಿನವರ ಲೆಕ್ಕ. ಹತ್ತುವವನನ್ನೂ ಇಳಿಯುವವನನ್ನೂ ಹೊತ್ತಿಗೆ ಸರಿಯಾಗಿ ತಲುಪಿಸುವುದು ಯಾಮಿನಿಯ ಕೆಲಸ.

ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಿತ್ತು. ಸುದ್ದಿಯನ್ನು ಆಟಗಾರ ಮೊದಲು ತನ್ನ ಮ್ಯಾನೇಜರನ ಬಾಯಿಂದಲೇ ಕೇಳಬೇಕು, ಮನೆಯವರು ಅವನ ಬಾಯಿಂದ ಕೇಳಬೇಕು. ಟಿಕೆಟ್ ಸಿದ್ಧವಾಗಬೇಕಾದ್ದರಿಂದ ಯಾಮಿನಿಗೆ ಎಲ್ಲರಿಗಿಂತ ಮುಂಚೆ ಗೊತ್ತಿರುತ್ತಿತ್ತು, ಆದ್ದರಿಂದ ಎಲ್ಲರಿಗಿಂತ ಹೆಚ್ಚು ಹೊತ್ತು ಬಾಯಿ ಮುಚ್ಚಿಕೊಂಡಿರಬೇಕಾಗುತ್ತಿತ್ತು. ಇದಕ್ಕೆ ಅವಳು ತನ್ನದೂ ಒಂದು ನಿಯಮ ಸೇರಿಸಿಕೊಂಡಿದ್ದಳು. ತಂಡ ಕೈಬಿಟ್ಟ ಹುಡುಗನನ್ನು ಎರಡು ಕಡೆ ಇಳಿದು ಹತ್ತುವ ಅಗ್ಗದ ವಿಮಾನಕ್ಕೆ ಹಾಕುತ್ತಿರಲಿಲ್ಲ. ಹಗಲಿನ ಪ್ರಯಾಣ, ನೇರ ದಾರಿ, ಕಿಟಕಿ ಪಕ್ಕದ ಸೀಟು. ಪಿಟ್ಸ್ ಒಮ್ಮೆ ಏಕೆಂದು ಕೇಳಿದ.

"ಮೇಲೆ ಹೋಗುವವನು ಬೇಕಾದರೆ ನಿಂತುಕೊಂಡೂ ಹೋಗುತ್ತಾನೆ. ಮನೆಗೆ ಹೋಗುವವನಿಗೆ ಒಳ್ಳೆಯ ಸೀಟು ಬೇಕು" ಅಂದಳು.

ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಕಷ್ಟವಾದದ್ದು ಒಬ್ಬನ ವಿಷಯದಲ್ಲಿ ಮಾತ್ರ. ಫೇರ್‌ಫ್ಯಾಕ್ಸ್‌ನಲ್ಲಿ ಅವಳ ಹಳೆಯ ಗೆಳತಿ ಜಯಾ ಇದ್ದಳು. ಜಯಾಳ ಗಂಡ ಗುರುದತ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ಅವರ ಒಬ್ಬನೇ ಮಗ ಧೀರಜ್ ರಾಕಿ ಮೌಂಟ್ ತಂಡದಲ್ಲಿ ಕ್ಯಾಚರ್. ಕ್ಯಾಚರ್ ಅಂದರೆ ನಮ್ಮ ವಿಕೆಟ್‌ಕೀಪರ್‌ನ ಅಣ್ಣನಿದ್ದಂತೆ. ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಲ್ಲಿ ಕೂತು ಪ್ರತಿಯೊಂದು ಚೆಂಡನ್ನೂ ಹಿಡಿಯಬೇಕು, ಮುಂದಿನ ಚೆಂಡು ಯಾವುದೆಂದು ಎಸೆಯುವವನಿಗೆ ಬೆರಳಿನಲ್ಲೇ ಸೂಚಿಸಬೇಕು. ಚಿಕ್ಕಂದಿನಲ್ಲಿ ಶಾಲೆಯ ತಂಡದಲ್ಲಿ ಬೇರೆ ಯಾವ ಹುಡುಗನೂ ಆ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂರಲು ಒಪ್ಪದ್ದರಿಂದ ಧೀರಜ್ ಕೂತ. ಆಮೇಲೆ ಏಳಲಿಲ್ಲ. ವಯಸ್ಸು ಇಪ್ಪತ್ತಾರಾಗಿತ್ತು. ಬ್ಯಾಟಿಂಗ್ ಅಷ್ಟಕ್ಕಷ್ಟೇ, ಆದರೆ ಕೈಯಿಂದ ಚೆಂಡು ಜಾರುತ್ತಿರಲಿಲ್ಲ. ಕನ್ನಡ ಸಂಘದ ಅಂಕಲ್‌ಗಳು ಸಿಕ್ಕಾಗಲೆಲ್ಲ "ಜಾಬ್ ಯಾವಾಗ ಮಾಡ್ತೀಯಪ್ಪಾ?" ಎಂದು ಕೇಳುತ್ತಿದ್ದರು. ಜಯಾ ಮಾತ್ರ ಯಾಮಿನಿಗೆ ಫೋನ್ ಮಾಡಿದಾಗಲೆಲ್ಲ, ಮಾತಿನ ಕೊನೆಗೆ, ಏನೂ ಅಲ್ಲವೆಂಬಂತೆ ಕೇಳುತ್ತಿದ್ದಳು: "ಧೀರಜ್‌ದೇನಾದ್ರೂ ಇದ್ಯೇನೇ?"

"ಇದ್ರೆ ಅವನೇ ಹೇಳ್ತಾನೆ ಕಣೆ" ಎಂಬುದು ಯಾಮಿನಿಯ ಮಾಮೂಲಿ ಉತ್ತರ.

2023ರ ಜುಲೈ ಕೊನೆಯ ಒಂದು ದಿನ. ಹಿಂದಿನ ಸಂಜೆಯ ಪಂದ್ಯದಲ್ಲಿ ವಾಷಿಂಗ್ಟನ್ನಿನ ಮೊದಲ ಕ್ಯಾಚರನ ಹೆಬ್ಬೆರಳು ಮುರಿದಿತ್ತು. ಉಳಿದವನು ಒಬ್ಬನೇ, ಅವನಿಗೂ ಏನಾದರೂ ಆದರೆ ಚೆಂಡು ಹಿಡಿಯಲು ಜನವಿಲ್ಲ. ಮ್ಯಾರಿಯೆಟಾದ ಕ್ಯಾಚರನನ್ನು ಕರೆಸುವುದೆಂದು ತೀರ್ಮಾನವಾಗಿ, ಯಾಮಿನಿ ಅಟ್ಲಾಂಟಾದಿಂದ ಅವನಿಗೆ ಟಿಕೆಟ್ ಮಾಡಿದಳು. ಅವನು ವಿಮಾನದಲ್ಲಿ ಕೂತೂ ಆಯಿತು. ಅಷ್ಟರಲ್ಲಿ ಅಟ್ಲಾಂಟಾದ ಮೇಲೆ ಗುಡುಗು ಸಿಡಿಲಿನ ಮೋಡ ಕವಿದು, ಹೊರಡಬೇಕಾದ ವಿಮಾನಗಳೆಲ್ಲ ನಿಂತಲ್ಲೇ ನಿಂತವು. ಯಾವಾಗ ಬಿಡುತ್ತಾರೆಂದು ಯಾರೂ ಹೇಳಲಾರರು.

ಪಿಟ್ಸ್ ಅವಳ ಮೇಜಿನ ಹತ್ತಿರ ಬಂದು ನಿಂತ. "ಇವತ್ತಿನ ಆಟಕ್ಕೆ ಯಾವ ಕ್ಯಾಚರನನ್ನು ತಲುಪಿಸಬಲ್ಲೆ, ಯಾಮಿನಿ?"

ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ರಾಕಿ ಮೌಂಟ್ ಹೆದ್ದಾರಿಯ ಮೇಲೇ ಇರುವ ಊರು, ಮಧ್ಯಾಹ್ನ ಕಾರಿನಲ್ಲಿ ಹೊರಟರೆ ಸಂಜೆಗೆ ಇಲ್ಲಿ. ಅಲ್ಲಿರುವ ಕ್ಯಾಚರ್ ಧೀರಜ್. ತನ್ನ ನಂಟನ್ನು ಪಿಟ್ಸ್‌ನಿಂದ ಮುಚ್ಚಿಡುವ ಜಾಯಮಾನ ಯಾಮಿನಿಯದಲ್ಲ.

"ರಾಕಿ ಮೌಂಟ್‌ನವನು ಬರಬಲ್ಲ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆ ಹುಡುಗ ತೊಟ್ಟಿಲಲ್ಲಿದ್ದಾಗಿನಿಂದ ನನಗೆ ಗೊತ್ತು, ಅವನ ತಾಯಿ ನನ್ನ ಗೆಳತಿ. ಹಾಗಾಗಿ ದಾರಿಯ ಮಾತಷ್ಟೇ ನನ್ನಿಂದ ಕೇಳಿ. ಆಟದ ಮಾತು ಅಲ್ಲಿನ ಮ್ಯಾನೇಜರನ್ನೇ ಕೇಳಿ."

ಪಿಟ್ಸ್ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಒಂದೆರಡು ಫೋನುಗಳಾದವು. ಬಾಗಿಲು ತೆರೆದಾಗ ಅವನು ಹೇಳಿದ್ದು ಎರಡೇ ಶಬ್ದ: "ಕಳಿಸು ಹುಡುಗನನ್ನು."

ರಾಕಿ ಮೌಂಟ್‌ನಲ್ಲಿ ಮ್ಯಾನೇಜರ್ ಧೀರಜ್‌ಗೆ ಸುದ್ದಿ ಹೇಳಿ ಮುಗಿಸುವಷ್ಟರಲ್ಲಿ ಯಾಮಿನಿ ಮಿಸ್ ಲೊರೆಟ್ಟಾಗೆ ಫೋನ್ ಮಾಡಿಯಾಗಿತ್ತು. ಲೊರೆಟ್ಟಾ ಜೀವನವಿಡೀ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು, ಈಗ ತಂಡಕ್ಕೆ ಬೇಕಾದಾಗ ವ್ಯಾನ್ ಓಡಿಸುತ್ತಿದ್ದಳು. ಧೀರಜ್ ತನ್ನ ಕಾರಿನಲ್ಲೇ ಬರುತ್ತೇನೆಂದು ಹಟ ಹಿಡಿದ.

"ಆಂಟಿ, ಐ ಕ್ಯಾನ್ ಡ್ರೈವ್. ನಾನೇ ಬರ್ತೀನಿ."

"ನಿನ್ನ ಕೈ ಈಗ ಹೇಗಿದೆ ನೋಡ್ಕೋ."

"ಶೇಕ್ ಆಗ್ತಿದೆ" ಅಂದ.

"ಅದೇ. ಹಿಂದಿನ ಸೀಟಲ್ಲಿ ಕೂತು ಬಾ. ಆ ಕೈ ರಾತ್ರಿಗೆ ಬೇಕು."

ವ್ಯಾನು ಹೊರಟಿತು. ಯಾಮಿನಿ ಪರದೆಯ ಮೇಲೆ ರಸ್ತೆಯನ್ನು ನೋಡುತ್ತಾ ಕೂತಳು. ರಿಚ್ಮಂಡ್‌ವರೆಗೆ ಚಿಂತೆಯಿರಲಿಲ್ಲ. ಅಲ್ಲಿಂದ ಮುಂದೆ, ಫ್ರೆಡರಿಕ್ಸ್‌ಬರ್ಗ್ ದಾಟಿದ ಮೇಲೆ, ಲಾರಿಯೊಂದು ಮಗುಚಿ ವಾಹನಗಳು ನಿಂತು, ನಕ್ಷೆಯಲ್ಲಿ ಹೆದ್ದಾರಿ ಉದ್ದಕ್ಕೂ ಕೆಂಪಾಗಿತ್ತು. ಆ ಹೊತ್ತಿಗೇ ಅವಳ ಸ್ವಂತ ಫೋನು ಬಡಿದುಕೊಂಡಿತು. ಜಯಾ.

"ಯಾಮಿನಿ, ಸ್ಯಾಟರ್‌ಡೇ ಪಾಟ್‌ಲಕ್‌ಗೆ ನೀನೇನು ತರ್ತೀಯ?"

"ಮೊಸರನ್ನ. ಈಗ ಬ್ಯುಸಿ ಇದೀನಿ ಕಣೆ, ಆಮೇಲೆ ಮಾಡ್ತೀನಿ."

"ಸರಿ ಸರಿ. ಧೀರಜ್‌ದೇನಾದ್ರೂ..."

"ಒಗ್ಗರಣೆಗೆ ದಾಳಿಂಬೆ ಹಾಕ್ಲಾ, ದ್ರಾಕ್ಷಿ ಹಾಕ್ಲಾ ಯೋಚನೆ ಮಾಡಿ ಹೇಳು" ಎಂದು ಫೋನಿಟ್ಟಳು. ಒಗ್ಗರಣೆಗೆ ಯಾರೂ ದಾಳಿಂಬೆ ಹಾಕುವುದಿಲ್ಲ ಎಂದು ಅವಳಿಗೆ ಆಮೇಲೆ ಹೊಳೆಯಿತು. ತಕ್ಷಣ ಧೀರಜ್‌ಗೆ ಫೋನ್ ಮಾಡಿದಳು.

"ಅಮ್ಮನಿಗೆ ಹೇಳಿದ್ಯಾ?"

"ಇಲ್ಲ ಆಂಟಿ. ಅಲ್ಲಿ ರೀಚ್ ಆದ್ಮೇಲೆ. ವಾಟ್ ಇಫ್ ದೇ ಚೇಂಜ್ ದೇರ್ ಮೈಂಡ್?"

"ಯಾರ ಮೈಂಡೂ ಚೇಂಜ್ ಆಗಲ್ಲ, ನೀನು ದಾರಿಯಲ್ಲಿದೀಯ. ಈಗಲೇ ಹೇಳು. ಅವರು ಆರೆಂಜ್ ಲೈನ್ ಮೆಟ್ರೋ ಹಿಡಿದು ಬರಬೇಕು ಕಣೋ. ನಿನ್ನಮ್ಮ ಸೀರೆ ಆರಿಸೋಕೇ ಒಂದು ಗಂಟೆ ಬೇಕು. ಅದಕ್ಕೆ ಮೊದಲು ಫೋನ್ ಸ್ಪೀಕರ್‌ಗೆ ಹಾಕು, ಮಿಸ್ ಲೊರೆಟ್ಟಾ ಹತ್ರ ಮಾತಾಡ್ಬೇಕು."

ಲೊರೆಟ್ಟಾಗೆ ಅವಳು ಹೆದ್ದಾರಿ ಬಿಟ್ಟು, ಬೌಲಿಂಗ್ ಗ್ರೀನ್ ಊರಿನ ಮೇಲಿಂದ ಹೋಗುವ ಹಳೆಯ ರಸ್ತೆ ಹಿಡಿದು, ಪೊಟೊಮ್ಯಾಕ್ ಸೇತುವೆ ದಾಟಿ ಮೇರಿಲ್ಯಾಂಡ್ ಕಡೆಯಿಂದ ನಗರಕ್ಕೆ ಬರುವಂತೆ ಹೇಳಿದಳು.

"ವಾಲ್ಡಾರ್ಫ್ ಮೇಲೆ ತಾನೇ? ಅಲ್ಲಿ ನನ್ನ ತಂಗಿಯ ಮನೆ ಇದೆ ಹನಿ, ಕಣ್ಣು ಮುಚ್ಚಿ ಹೋಗ್ತೀನಿ" ಅಂದಳು ಲೊರೆಟ್ಟಾ.

"ಕಣ್ಣು ಬಿಟ್ಟುಕೊಂಡೇ ಬನ್ನಿ" ಅಂದಳು ಯಾಮಿನಿ.

ಆಟಕ್ಕೆ ಮುಂಚಿನ ರಾಷ್ಟ್ರಗೀತೆಗೆ ಜನ ಎದ್ದು ನಿಲ್ಲುವ ಮೊದಲೇ ವ್ಯಾನು ಕ್ರೀಡಾಂಗಣದ ಹಿಂಬಾಗಿಲಿಗೆ ಬಂದಿತು. ಯಾಮಿನಿ ಅಲ್ಲಿಯೇ ಕಾದಿದ್ದಳು. ಧೀರಜ್ ದೊಡ್ಡ ಚೀಲ ಹೊತ್ತು ಇಳಿದು, ಬಗ್ಗಿ ಅವಳ ಕಾಲು ಮುಟ್ಟಿದ. ಹಬ್ಬದ ದಿನ ಅಮ್ಮ ಹತ್ತು ಸಲ ಗದರಿದರೂ ಮಾಡದಿದ್ದ ಹುಡುಗ. "ಒಳಗೆ ಹೋಗೋ, ಹೋಗು" ಎಂದು ಅವಳು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು ಕಳಿಸಿದಳು.

ಆ ದಿನ ಅವನು ಆಡಬೇಕಾಗಿ ಬರಲಿಲ್ಲ. ಮರುದಿನ ಮಧ್ಯಾಹ್ನಕ್ಕೆ ಮ್ಯಾರಿಯೆಟಾದ ಕ್ಯಾಚರ್ ಬಂದಿಳಿದ. ಆದರೂ ಅಂದಿನ ಆಟಕ್ಕೆ ಚೆಂಡೆಸೆಯುವವನು ರಾಕಿ ಮೌಂಟ್‌ನಲ್ಲಿ ಹಿಂದಿನ ವರ್ಷವಿಡೀ ಧೀರಜ್‌ಗೇ ಎಸೆದು ಪಳಗಿದವನಾದ್ದರಿಂದ, ಹಿಡಿಯಲು ಧೀರಜ್‌ನನ್ನೇ ಕೂರಿಸಿದರು. ಅವನು ಇಡೀ ಆಟ ಹಿಡಿದ. ಒಂದು ಚೆಂಡೂ ಹಿಂದಕ್ಕೆ ಹೋಗಲಿಲ್ಲ. ಏಳನೇ ಸರದಿಯಲ್ಲಿ ಬ್ಯಾಟು ಬೀಸಿ ಎರಡನೇ ಬೇಸ್ ಕಾಯುವವನ ತಲೆಯ ಮೇಲೆ ಚೆಂಡು ಹಾರಿಸಿ, ಓಡಿ ಮೊದಲ ಬೇಸ್ ಮುಟ್ಟಿ ನಿಂತು ಉಸಿರು ಬಿಟ್ಟ. ತಂಡ ಗೆದ್ದಿತು. ಮೇಲಿನ ಸಾಲಿನಲ್ಲಿ ಜಯಾ ಹಸಿರು ರೇಷ್ಮೆ ಸೀರೆಯಲ್ಲಿ ಎದ್ದು ನಿಂತು ಕೂಗುತ್ತಿದ್ದಳು, ಗುರುದತ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದ. ಜಯಾ ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದ ಪುಳಿಯೋಗರೆಯನ್ನು ಯಾಮಿನಿಗೂ, ಮುಂದಿನ ಸಾಲಿನ ಅಪರಿಚಿತರಿಗೂ ಹಂಚಿದಳು.

ಯಾಮಿನಿ ತಿಂದಳು. ಅವಳ ಕೈಚೀಲದ ಫೋನಿನಲ್ಲಿ, ನಾಳೆ ಬೆಳಿಗ್ಗೆ ಧೀರಜ್ ರಾಕಿ ಮೌಂಟ್‌ಗೆ ಹಿಂದಿರುಗುವ ರೈಲಿನ ಟಿಕೆಟ್ ಆಗಲೇ ಇತ್ತು.

ಮರುದಿನ ಮಧ್ಯಾಹ್ನ ಜಯಾಳ ಫೋನ್ ಬಂತು. ದನಿ ತಣ್ಣಗಿತ್ತು.

"ಟಿಕೆಟ್ ನೀನೇ ಮಾಡಿದ್ಯಾ?"

"ಹೂಂ, ನಾನೇ."

"ನಿನ್ನೆ ನನ್ನ ಪಕ್ಕ ಕೂತು ತಿಂತಿದ್ಯಲ್ಲ. ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಗೆ ಇಳೀತೇ ನಿನ್ನ ಗಂಟಲಲ್ಲಿ ಆ ತುತ್ತು?"

"ಕಷ್ಟಪಟ್ಟೇ ಇಳೀತು ಜಯಾ. ಆದ್ರೆ ನಿಂಗೆ ಹೇಳಿದ್ರೆ ನಿನ್ನ ಮುಖದಲ್ಲಿ ಬರೆದು ಅಂಟಿಸಿದ ಹಾಗಿರ್ತಿತ್ತು. ಅವನು ಬ್ಯಾಟ್ ಹಿಡಿದು ನಿಂತಾಗ ಮೇಲೆ ನೋಡಿದ, ನೆನಪಿದ್ಯಾ? ಆಗ ಅವನಿಗೆ ನಗೋ ಅಮ್ಮ ಕಾಣಬೇಕಿತ್ತು. ಕಂಡ್ಳು. ನಾನು ಮಾಡಿದ್ದು ಸರಿಯಾಗಿದೆ."

ಜಯಾ ಫೋನಿಟ್ಟಳು. ಶನಿವಾರದ ಪಾಟ್‌ಲಕ್‌ನಲ್ಲಿ ಮೊಸರನ್ನದ ಪಾತ್ರೆಯ ಕಡೆಗೆ ತಿರುಗಿಯೂ ನೋಡಲಿಲ್ಲ. ಆಗಸ್ಟ್ ಕಳೆಯಿತು, ಗಣೇಶನ ಹಬ್ಬ ಕಳೆಯಿತು, ಮಾತಿಲ್ಲ. "ನೀನೇ ಒಂದು ಸಲ ಸಾರಿ ಹೇಳಬಾರದೇನೇ?" ಎಂದು ಬದರಿನಾಥ ಕೇಳಿದ. "ತಪ್ಪು ಮಾಡಿದ್ರೆ ಹೇಳ್ತಿದ್ದೆ ರೀ" ಅಂದಳು. ಆದರೆ ಗೆಳತಿಯನ್ನು ಹಾಗೆ ಬಿಟ್ಟುಕೊಡುವವಳೂ ಅವಳಲ್ಲ. ನವರಾತ್ರಿಯಲ್ಲಿ ಜಯಾಳ ಮನೆಯಲ್ಲಿ ಬೊಂಬೆ ಕೂರಿಸುತ್ತಾರೆ. ಈ ಸಲ ಯಾಮಿನಿಗೆ ಕರೆ ಬರಲಿಲ್ಲ. ಅವಳು ನಗರ ಸುತ್ತುವ ಬೆಲ್ಟ್‌ವೇ ಹೆದ್ದಾರಿಯ ಸಂಜೆಯ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಹೋಗಿ ಬೆಲ್ ಒತ್ತಿದಳು.

ಬಾಗಿಲು ತೆರೆದವನು ಧೀರಜ್. ಆಟದ ಕಾಲ ಮುಗಿದು ಮನೆಗೆ ಬಂದಿದ್ದ. ಹಿಂದೆ ಜಯಾ ನಿಂತಿದ್ದಳು.

"ಕರೀಲಿಲ್ಲ ಅಂತ ಗೊತ್ತು. ಅರಿಶಿನ ಕುಂಕುಮ ಕೊಡು, ಬೊಂಬೆ ನೋಡಿ ಹೋಗ್ತೀನಿ" ಅಂದಳು ಯಾಮಿನಿ.

ಜಯಾ ಕುಂಕುಮದ ಬಟ್ಟಲು ತರಲು ತಿರುಗಿದಳು. ಧೀರಜ್ ತಡೆದ.

"ಅಮ್ಮಾ, ನಿಂಗೆ ಒಂದು ಹೇಳಿಲ್ಲ ನಾನು. ನಾನು ವಾಪಸ್ ಹೋದ ದಿನ ಯೂನಿಯನ್ ಸ್ಟೇಷನ್‌ಗೆ ಆಂಟಿ ಬಂದಿದ್ರು. ಅವರ ಜಾಬ್ ಅಲ್ಲ ಅದು. ಟ್ರೈನ್ ಲೇಟ್ ಇತ್ತು. ಕೂತಿದ್ರು ನನ್ನ ಜೊತೆ, ಹೋಲ್ ಟೈಮ್. ನಾನು ಕ್ರೈ ಮಾಡ್ದೆ."

"ನನ್ನ ಹತ್ರ ಯಾಕೋ ಹೇಳಲಿಲ್ಲ?"

"ನೀನೂ ಅಳ್ತಿದ್ದೆ, ಅಮ್ಮಾ."

ಜಯಾ ಬಟ್ಟಲು ಹಿಡಿದು ಬಂದವಳು ಯಾಮಿನಿಯ ಹಣೆಗೆ ಕುಂಕುಮ ಇಡಲು ಹೋಗಿ ಮೂಗಿನ ಮೇಲೂ ಚೆಲ್ಲಿದಳು. ಇಬ್ಬರೂ ನಕ್ಕರು. "ಅಳಿಸಿದ್ಯಲ್ಲೇ ಮಗನ್ನ" ಅಂದಳು ಜಯಾ. "ಕಾಫಿನೂ ಕುಡಿಸಿದೆ" ಅಂದಳು ಯಾಮಿನಿ. ಬೊಂಬೆಗಳ ಮೇಲಿನ ಸಾಲಿನಲ್ಲಿ, ಪಟ್ಟದ ಬೊಂಬೆಗಳ ಪಕ್ಕ, ಮುಖವಾಡ ತೊಟ್ಟು ಕುಕ್ಕರಗಾಲಲ್ಲಿ ಕೂತ ಪುಟ್ಟ ಪ್ಲಾಸ್ಟಿಕ್ ಕ್ಯಾಚರ್ ಇದ್ದ. ಅಂದು ರಾತ್ರಿ ಯಾಮಿನಿ ಊಟ ಮಾಡಿಕೊಂಡೇ ಹೊರಟಳು.

ಮುಂದಿನ ವರ್ಷ ಧೀರಜ್ ಮ್ಯಾರಿಯೆಟಾಕ್ಕೆ ಏರಿದ. ವರ್ಷಪೂರ್ತಿ ಅಲ್ಲಿ ಆಡಿದ. ವಾಷಿಂಗ್ಟನ್ನಿನಿಂದ ಮತ್ತೆ ಕರೆ ಬರಲಿಲ್ಲ. ಚಳಿಗಾಲದಲ್ಲಿ ಪಿಟ್ಸ್ ಅವನನ್ನು ಕೂರಿಸಿಕೊಂಡು, ಆಟಗಾರನಾಗಿ ಇನ್ನು ಜಾಗವಿಲ್ಲ, ಆದರೆ ಸಮ್ಟರ್‌ನ ಎಳೆಯ ಕ್ಯಾಚರ್‌ಗಳಿಗೆ ಕಲಿಸಲು ಜನ ಬೇಕು ಎಂದ. ಧೀರಜ್ ಯಾಮಿನಿಗೆ ಫೋನ್ ಮಾಡಿದ.

"ಆಂಟಿ, ಏನ್ ಮಾಡ್ಲಿ?"

"ನೀನು ಕೇಳೋಕೆ ಫೋನ್ ಮಾಡಿಲ್ಲ ಕಣೋ, ಹೇಳೋಕೆ ಮಾಡಿದೀಯ. ಹೇಳು."

ಅವನು ನಕ್ಕುಬಿಟ್ಟ. "ಹೋಗ್ಬೇಕು ಅನ್ಸುತ್ತೆ. ಐ ಥಿಂಕ್ ಐ ವಿಲ್ ಬಿ ಗುಡ್."

"ಹಾಗಿದ್ರೆ ಅಮ್ಮನಿಗೆ ಹೇಳು. ನಾನು ಟಿಕೆಟ್ ನೋಡ್ತೀನಿ."

2025ರ ಜೂನ್‌ನಲ್ಲಿ ಗೆಳತಿಯರಿಬ್ಬರೂ ಕಾರು ಹತ್ತಿ ಸಮ್ಟರ್‌ಗೆ ಹೋದರು. ದಾರಿಯುದ್ದಕ್ಕೂ ಯಾರು ಓಡಿಸಬೇಕೆಂದು ಜಗಳ. ಮೈದಾನ ಸಣ್ಣದು, ಸೆಕೆ ಅಸಾಧ್ಯ, ಮರದ ಬೆಂಚುಗಳು. ಜಯಾಗೆ ಎಲ್ಲಕ್ಕಿಂತ ಸಂಭ್ರಮವಾದದ್ದು ಬಾಗಿಲಲ್ಲಿ ಮಾರುತ್ತಿದ್ದ ಬಿಸಿ ಪೊಟ್ಟಣ.

"ಇಲ್ಲಿ ಕಡಲೇಕಾಯಿ ಬೇಯಿಸ್ತಾರೆ ಕಣೇ! ಉಪ್ಪು ಹಾಕಿ, ನಮ್ಮ ಹಾಗೇ!"

ಮೈದಾನದ ಅಂಚಿನಲ್ಲಿ ಧೀರಜ್ ಎಳೆಯ ಹುಡುಗನೊಬ್ಬನ ಎದುರು ಕುಕ್ಕರಗಾಲಲ್ಲಿ ಕೂತು, ಮಂಡಿ ಎಷ್ಟು ಅಗಲ ಇಡಬೇಕೆಂದು ಕೈಯಿಂದ ಸರಿಪಡಿಸುತ್ತಿದ್ದ. ಅರ್ಧ ಇಂಗ್ಲಿಷ್, ಅರ್ಧ ತಾನು ಹೊಸದಾಗಿ ಕಲಿತ ಸ್ಪ್ಯಾನಿಷ್. ಹುಡುಗ ಒಮ್ಮೆ ಮುಗ್ಗರಿಸಿದ, ಇಬ್ಬರೂ ನಕ್ಕರು, ಮತ್ತೆ ಕೂತರು. ಜಯಾ ಕಡಲೇಕಾಯಿ ಸುಲಿಯುವುದನ್ನು ಬಿಟ್ಟು ಅದನ್ನೇ ನೋಡಿದಳು.

ಮೂರನೇ ಸರದಿಯಲ್ಲಿ ಯಾಮಿನಿಯ ಫೋನು ಬಡಿದುಕೊಂಡಿತು. ಪಿಟ್ಸ್. ಈ ಮೈದಾನದಲ್ಲಿರುವ ಯಾರೋ ಒಬ್ಬ ನಾಳೆ ಬೆಳಿಗ್ಗೆ ರಾಕಿ ಮೌಂಟ್‌ನಲ್ಲಿರಬೇಕು. ಅವಳು ಎದ್ದು ಸೀರೆಯ ನೆರಿಗೆ ಕೊಡವಿಕೊಂಡಳು. ಜಯಾ ಕತ್ತೆತ್ತಿ ನೋಡಿದಳು.

"ಬರೋವಾಗ ಇನ್ನೊಂದು ಪೊಟ್ಟಣ ತಗೊಂಡು ಬಾ. ಇದು ಖಾಲಿಯಾಗ್ತಾ ಬಂತು" ಅಂದಳು.

"ಎರಡು ತರ್ತೀನಿ" ಎಂದು ಯಾಮಿನಿ ಫೋನನ್ನು ಕಿವಿಗಿಟ್ಟುಕೊಂಡು ಮೆಟ್ಟಿಲಿಳಿದಳು.